ಸಾಲದ ಪತ್ರ ಓದುವ ಹಕ್ಕು ಯಾರದು?

ವಿದೇಶಿ ನೆರವಿನ ಯೋಜನೆಗಳ ಬಗ್ಗೆ ಪ್ರಶ್ನೆ ಕಳುಹಿಸುವಂತೆ ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಬೇರೆ ಬೇರೆ ಊರುಗಳಿಂದ ಬಂದಿದ್ದರೂ ಇವೆಲ್ಲ ವಿಚಾರಿಸುತ್ತಿರುವುದು ಹೆಚ್ಚುಕಡಿಮೆ ಒಂದೇ ಸಂಗತಿಯನ್ನು: ಹೊರದೇಶದ ಹಣದಿಂದ ಯೋಜನೆ ನಡೆದಾಗ ಅದರ ಲೆಕ್ಕವನ್ನು ಯಾರು, ಯಾರಿಗೆ ಒಪ್ಪಿಸಬೇಕು? ಲೆಕ್ಕಪರಿಶೋಧನೆಯಲ್ಲೇ ಬಹುಕಾಲ ಕಳೆದ ನನಗೆ ಇದು ಹಳೆಯ ಪ್ರಶ್ನೆ.

ಪ್ರಶ್ನೆ: ಹಳೆಯ ಬಾಗಲಕೋಟೆ ಹಿನ್ನೀರಿಗೆ ಹೋಗುವ ಕಾಲದಲ್ಲಿ ನಾನು ಅಲ್ಲಿ ಶಿಕ್ಷಕನಾಗಿದ್ದೆ. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ವಿಶ್ವಬ್ಯಾಂಕಿನ ಹಣವಿದೆ ಎಂದು ಆಗ ಕೇಳುತ್ತಿದ್ದೆವೇ ಹೊರತು, ಆ ಬ್ಯಾಂಕು ಯಾರಿಗೆ ಉತ್ತರ ಕೊಡುತ್ತದೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಅಂಥ ಸಂಸ್ಥೆಯನ್ನು ಸಾಮಾನ್ಯ ಜನ ಪ್ರಶ್ನಿಸಿ ಬಗ್ಗಿಸಿದ ಉದಾಹರಣೆ ಇದೆಯೇ? (ನಿವೃತ್ತ ಶಿಕ್ಷಕರು, ಬಾಗಲಕೋಟೆ)

ಉತ್ತರ: ಇದೆ, ಮತ್ತು ಅದು ನಮ್ಮ ದೇಶದ್ದೇ. ನರ್ಮದಾ ನದಿಯ ಸರ್ದಾರ್ ಸರೋವರ ಅಣೆಕಟ್ಟಿಗೆ ವಿಶ್ವಬ್ಯಾಂಕ್ 1985ರಲ್ಲಿ 45 ಕೋಟಿ ಡಾಲರ್ ಒಪ್ಪಿಕೊಂಡಿತು. ಮುಳುಗಡೆಯಾಗುವವರು ಎಷ್ಟು ಮಂದಿ, ಅವರು ಹೋಗುವುದೆಲ್ಲಿಗೆ ಎಂಬ ಸರಿಯಾದ ಲೆಕ್ಕವೇ ಆಗಿರಲಿಲ್ಲ. ಬ್ಯಾಂಕು ಉತ್ತರ ಕೊಡುವುದು ತನ್ನ ನಿರ್ದೇಶಕ ಮಂಡಳಿಗೆ; ಮಂಡಳಿಯಲ್ಲಿ ಕೂರುವವರು ಸದಸ್ಯ ಸರ್ಕಾರಗಳ ಪ್ರತಿನಿಧಿಗಳು. ಗುಜರಾತ್, ಮಹಾರಾಷ್ಟ್ರ, ಮಧ್ಯಪ್ರದೇಶದ ಕಣಿವೆಯ ಜನರಿಗೆ ಆ ಸಾಲಿನಲ್ಲಿ ಎಲ್ಲಿಯೂ ಜಾಗವಿರಲಿಲ್ಲ.

ಆ ಜನ ಮತ್ತು ಅವರ ಜೊತೆಗಿದ್ದ ಹೋರಾಟಗಾರರು ಬ್ಯಾಂಕಿನ ಬಾಗಿಲನ್ನಷ್ಟೇ ತಟ್ಟಲಿಲ್ಲ. ಬ್ಯಾಂಕಿಗೆ ಹಣ ಕೊಡುವ ದೇಶಗಳ ಶಾಸಕರ ಬಾಗಿಲನ್ನೂ ತಟ್ಟಿದರು. ಬಡ ದೇಶಗಳಿಗೆ ಕಡಿಮೆ ಬಡ್ಡಿಯ ಸಾಲ ಕೊಡುವ ವಿಶ್ವಬ್ಯಾಂಕಿನ ಅಂಗಸಂಸ್ಥೆಗೆ ಕೆಲವು ವರ್ಷಗಳಿಗೊಮ್ಮೆ ಸದಸ್ಯ ರಾಷ್ಟ್ರಗಳು ಹೊಸದಾಗಿ ಹಣ ತುಂಬಬೇಕು, ಅಮೆರಿಕದ ಪಾಲಿಗೆ ಅಲ್ಲಿನ ಕಾಂಗ್ರೆಸ್ ಒಪ್ಪಿಗೆ ಬೇಕು. 1989ರ ಅಕ್ಟೋಬರಿನಲ್ಲಿ ಅಮೆರಿಕದ ಕೆಳಮನೆಯ ಉಪಸಮಿತಿಯೊಂದು ಈ ಅಣೆಕಟ್ಟಿನ ಬಗ್ಗೆ ವಿಚಾರಣೆ ನಡೆಸಿದಾಗ ಮೇಧಾ ಪಾಟ್ಕರ್ ಅಲ್ಲಿ ಹಾಜರಾಗಿ ಸಾಕ್ಷ್ಯ ನುಡಿದರು. 1990ರಲ್ಲಿ ಜಪಾನ್ ಟರ್ಬೈನುಗಳಿಗೆ ಕೊಡಬೇಕಿದ್ದ ನೆರವಿನಿಂದ ಹಿಂದೆ ಸರಿಯಿತು. ಒತ್ತಡ ತಾಳಲಾರದೆ ಬ್ಯಾಂಕು 1991ರಲ್ಲಿ ಬ್ರಾಡ್‌ಫೋರ್ಡ್ ಮೋರ್ಸ್ ನೇತೃತ್ವದಲ್ಲಿ ಸ್ವತಂತ್ರ ಪರಿಶೀಲನಾ ಸಮಿತಿ ನೇಮಿಸಿತು. ಈಗಿರುವ ಪರಿಸ್ಥಿತಿಯಲ್ಲಿ ಎಲ್ಲ ನಿರಾಶ್ರಿತರ ಪುನರ್ವಸತಿ ಸಾಧ್ಯವೇ ಇಲ್ಲವೆಂದು ಆ ಸಮಿತಿ 1992ರ ಜೂನ್‌ನಲ್ಲಿ ವರದಿ ಕೊಟ್ಟಿತು. ತಾನೇ ನೇಮಿಸಿದ ಸಮಿತಿಯ ಮಾತನ್ನು ಬದಿಗಿಟ್ಟು ಬ್ಯಾಂಕು ಇನ್ನೂ ಕೆಲವು ತಿಂಗಳು ಮುಂದುವರಿಯಿತು. ಕೊನೆಗೆ 1993ರ ಮಾರ್ಚ್‌ನಲ್ಲಿ ಉಳಿದ ಸಾಲ ಬೇಡವೆಂದು ಭಾರತ ಸರ್ಕಾರವೇ ತಿಳಿಸಿತು.

ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದದ್ದು ಇದರ ನಂತರ ನಡೆದದ್ದು. ಅಮೆರಿಕದ ಕೆಳಮನೆಯ ಸಂಬಂಧಪಟ್ಟ ಉಪಸಮಿತಿಯ ಅಧ್ಯಕ್ಷರಾಗಿದ್ದ ಬಾರ್ನಿ ಫ್ರ್ಯಾಂಕ್, ಬ್ಯಾಂಕು ತನ್ನ ದಾಖಲೆಗಳನ್ನು ಬಹಿರಂಗಪಡಿಸಬೇಕು, ಬಾಧಿತರ ದೂರು ಕೇಳುವ ಸ್ವತಂತ್ರ ವ್ಯವಸ್ಥೆ ಮಾಡಬೇಕು, ಇಲ್ಲವಾದರೆ ಹಣಕ್ಕೆ ಒಪ್ಪಿಗೆಯಿಲ್ಲ ಎಂದು ಪಟ್ಟು ಹಿಡಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿಶ್ವಬ್ಯಾಂಕಿನ ತಪಾಸಣಾ ಮಂಡಳಿ ಹುಟ್ಟಿತು. ಅದರ ಮುಂದೆ ಬಂದ ಮೊದಲ ದೂರು ನೇಪಾಳದ ಅರುಣ್-3 ಜಲವಿದ್ಯುತ್ ಯೋಜನೆಯದು. 1995ರಲ್ಲಿ ಬ್ಯಾಂಕು ಆ ಯೋಜನೆಯಿಂದಲೇ ಹೊರಬಂದಿತು. ತಮ್ಮ ಕೃಷ್ಣೆಯ ವಿಷಯದಲ್ಲೂ, ಪುನರ್ವಸತಿ ಹಿಂದೆ ಬಿದ್ದದ್ದಕ್ಕಾಗಿ 1990ರ ದಶಕದಲ್ಲಿ ಬ್ಯಾಂಕು ಹಣ ಬಿಡುಗಡೆಯನ್ನು ತಡೆಹಿಡಿದದ್ದುಂಟು.

ಆದರೆ ಇದನ್ನು ಗೆಲುವೆಂದು ಹೇಳುವಾಗ ನನಗೆ ಸಂಕಟವಾಗುತ್ತದೆ. ಅಣೆಕಟ್ಟು ಮುಂದೆ ಕಟ್ಟಿಯೇ ಕಟ್ಟಿದರು, ಕಣಿವೆ ಮುಳುಗಿತು. ಬೇರೆ ದೇಶಗಳ ಬಾಧಿತರಿಗೆ ಇಂದು ಸಿಗುವ ಒಂದು ಬಾಗಿಲನ್ನು ತೆರೆಸಿದವರು ನರ್ಮದೆಯ ಜನ. ಅದರ ಪ್ರಯೋಜನ ಅವರಿಗೇ ದಕ್ಕಲಿಲ್ಲ.

ಪ್ರಶ್ನೆ: ವಿದೇಶಿ ಸಾಲಕ್ಕೆ ಸಂಸತ್ತಿನ ಒಪ್ಪಿಗೆ ಕಡ್ಡಾಯವೆಂದು ಸಂವಿಧಾನದಲ್ಲೇ ಬರೆದುಬಿಟ್ಟರೆ ಉತ್ತರದಾಯಿತ್ವ ತಾನಾಗಿ ಬರುವುದಿಲ್ಲವೇ? (ರಾಜ್ಯಶಾಸ್ತ್ರದ ವಿದ್ಯಾರ್ಥಿನಿ, ಮೈಸೂರು)

ಉತ್ತರ: ಹಾಗೆ ಬರೆದುಕೊಂಡ ದೇಶಗಳಿವೆ. ಘಾನಾದ ಸಂವಿಧಾನದ 181ನೇ ವಿಧಿ ಸಾಲದ ಒಪ್ಪಂದವನ್ನು ಸಂಸತ್ತಿನ ಮುಂದಿಟ್ಟು ಒಪ್ಪಿಗೆ ಪಡೆಯಬೇಕೆನ್ನುತ್ತದೆ. ನೇಪಾಳದ ಸಂಸತ್ತು ಅಮೆರಿಕದ 50 ಕೋಟಿ ಡಾಲರಿನ ಅನುದಾನದ ಒಪ್ಪಂದವನ್ನು ವರ್ಷಗಳ ಕಾಲ ಜಗ್ಗಾಡಿ, 2022ರ ಫೆಬ್ರವರಿಯಲ್ಲಿ ತನ್ನದೇ ವಿವರಣಾತ್ಮಕ ಘೋಷಣೆಯೊಂದನ್ನು ಸೇರಿಸಿ ಅಂಗೀಕರಿಸಿತು. ಗದ್ದಲ ಎಷ್ಟೇ ಇದ್ದರೂ ಒಪ್ಪಂದದ ಅಂಶಗಳು ಬೀದಿಬೀದಿಯಲ್ಲಿ ಚರ್ಚೆಯಾದವು ಎಂಬುದು ಸಣ್ಣ ಮಾತಲ್ಲ.

ಆದರೆ ಬರೆದ ಮಾತ್ರಕ್ಕೆ ಸಾಲದು ಎಂಬುದಕ್ಕೆ ಮೊಜಾಂಬಿಕ್ ಸಾಕ್ಷಿ. ಆ ದೇಶದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 2013 ಮತ್ತು 2014ರಲ್ಲಿ ಅಲ್ಲಿ ಮೂರು ಸರ್ಕಾರಿ ಕಂಪನಿಗಳ ಹೆಸರಿನಲ್ಲಿ ಸುಮಾರು 200 ಕೋಟಿ ಡಾಲರ್ ಸಾಲ ಎತ್ತಲಾಯಿತು. ಒಂದು ಕಂಪನಿ ಟ್ಯೂನಾ ಮೀನು ಹಿಡಿಯುವುದಾಗಿ ಹೇಳಿತು, ಇನ್ನೊಂದು ಕರಾವಳಿ ಕಾವಲು, ಮತ್ತೊಂದು ಹಡಗು ರಿಪೇರಿ. ಕ್ರೆಡಿಟ್ ಸ್ವಿಸ್ ಮತ್ತು ರಷ್ಯಾದ ವಿಟಿಬಿ ಬ್ಯಾಂಕುಗಳು ಕೊಟ್ಟ ಈ ಸಾಲಕ್ಕೆ ಸರ್ಕಾರ ಖಾತರಿ ನಿಂತಿತು. ಸಂವಿಧಾನದ ಪ್ರಕಾರ ಅದಕ್ಕೆ ಸಂಸತ್ತಿನ ಅನುಮತಿ ಬೇಕಿತ್ತು. ಬಜೆಟ್ ಕಾನೂನು ಹಾಕಿದ್ದ ಮಿತಿಯೂ ಇತ್ತು. ಎರಡನ್ನೂ ಮೀರಿ ಖಾತರಿ ಪತ್ರಗಳಿಗೆ ಸಹಿ ಬಿದ್ದವು. ಸಾಲದ ದೊಡ್ಡ ಭಾಗ 2016ರವರೆಗೆ ಸಂಸತ್ತಿಗೂ ಗೊತ್ತಿರಲಿಲ್ಲ, ಅಂತರರಾಷ್ಟ್ರೀಯ ಹಣಕಾಸು ನಿಧಿಗೂ ಗೊತ್ತಿರಲಿಲ್ಲ, ಆ ದೇಶದ ಬಜೆಟ್ಟಿಗೆ ನೇರವಾಗಿ ನೆರವು ಕೊಡುತ್ತಿದ್ದ ದಾನಿ ರಾಷ್ಟ್ರಗಳಿಗೂ ಗೊತ್ತಿರಲಿಲ್ಲ.

ಗುಟ್ಟು ರಟ್ಟಾದಾಗ ದಾನಿಗಳು ಮಾಡಿದ್ದೇನು? ಬಜೆಟ್ ನೆರವನ್ನು ನಿಲ್ಲಿಸಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಪೆಟ್ಟು ಬಿದ್ದದ್ದು ಸಹಿ ಹಾಕಿದವರಿಗಲ್ಲ. ಆಸ್ಪತ್ರೆ, ಶಾಲೆಗಳನ್ನು ನಂಬಿಕೊಂಡವರಿಗೆ. ಹಣ ನಿಲ್ಲಿಸುವುದನ್ನೇ ಹೊಣೆಗಾರಿಕೆ ಎಂದು ಕರೆಯುವ ಅಭ್ಯಾಸ ದಾನಿ ದೇಶಗಳಲ್ಲಿ ಬೇರೂರಿದೆ. ತಪ್ಪು ಮಾಡಿದವನು ಒಬ್ಬ, ದಂಡ ತೆರುವವನು ಇನ್ನೊಬ್ಬ ಎಂದಾದರೆ ಅದನ್ನು ಹೊಣೆಗಾರಿಕೆ ಎಂದು ನಾನಂತೂ ಕರೆಯಲಾರೆ.

ಮತ್ತು ಸಂಸತ್ತು ಮಾಡಿದ್ದೇನು? ಆಡಳಿತ ಪಕ್ಷದ ಬಹುಮತದ ಬಲದಿಂದ, ಆ ಖಾತರಿಗಳನ್ನು ಸೇರಿಸಿಕೊಂಡಿದ್ದ ರಾಜ್ಯದ ವಾರ್ಷಿಕ ಲೆಕ್ಕಪತ್ರಕ್ಕೆ ಒಪ್ಪಿಗೆ ಕೊಟ್ಟುಬಿಟ್ಟಿತು. ತನ್ನ ಅಧಿಕಾರವನ್ನು ಕಸಿದುಕೊಂಡವರಿಗೆ ತಾನೇ ಮುದ್ರೆ ಒತ್ತಿಕೊಟ್ಟಂತಾಯಿತು. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಮೊಜಾಂಬಿಕ್ ಸಂವಿಧಾನದಲ್ಲಿ ಇನ್ನೊಂದು ಅವಕಾಶವಿದೆ: 2,000 ಪೌರರು ಸಹಿ ಹಾಕಿದರೆ ಕಾನೂನುಗಳು ಸಂವಿಧಾನಕ್ಕೆ ಒಪ್ಪುತ್ತವೆಯೇ ಎಂದು ತೀರ್ಮಾನಿಸುವ ಸಾಂವಿಧಾನಿಕ ಪರಿಷತ್ತಿನ ಮುಂದೆ ನೇರವಾಗಿ ಹೋಗಬಹುದು. ಬಜೆಟ್ ಮೇಲೆ ಕಣ್ಣಿಡುವ ನಾಗರಿಕ ಸಂಘಟನೆಗಳ ವೇದಿಕೆಯೊಂದು ಊರೂರು ಸುತ್ತಿ ಆ ಸಹಿಗಳನ್ನು ಕೂಡಿಸಿತು. 2019ರ ಜೂನ್‌ನಲ್ಲಿ ಟ್ಯೂನಾ ಕಂಪನಿಯ ಸಾಲ ಮತ್ತು ಖಾತರಿ ಅಸಿಂಧು ಎಂದು ಪರಿಷತ್ತು ತೀರ್ಪಿತ್ತಿತು. 2020ರ ಮೇ ತಿಂಗಳಲ್ಲಿ ಉಳಿದೆರಡೂ ಅಸಿಂಧುವಾದವು. 2022ರ ಡಿಸೆಂಬರಿನಲ್ಲಿ ರಾಜಧಾನಿ ಮಾಪುತೊದ ನ್ಯಾಯಾಲಯ ಮಾಜಿ ರಾಷ್ಟ್ರಾಧ್ಯಕ್ಷರ ಮಗನೂ ಸೇರಿ 11 ಮಂದಿಗೆ ಶಿಕ್ಷೆ ವಿಧಿಸಿತು. ಖಾತರಿಗೆ ಸಹಿ ಹಾಕಿದ್ದ ಅಂದಿನ ಹಣಕಾಸು ಸಚಿವ ಮಾನುಎಲ್ ಚಾಂಗ್ ಅವರನ್ನು 2024ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ತಪ್ಪಿತಸ್ಥರೆಂದು ಘೋಷಿಸಿತು. ಸಾಲ ಕೊಟ್ಟ ಬ್ಯಾಂಕೂ ಪಾರಾಗಲಿಲ್ಲ. 2021ರಲ್ಲಿ ಕ್ರೆಡಿಟ್ ಸ್ವಿಸ್ ಭಾರಿ ದಂಡ ತೆತ್ತು, 20 ಕೋಟಿ ಡಾಲರ್ ಸಾಲ ಮನ್ನಾ ಮಾಡಬೇಕಾಯಿತು.

ಹಾಗಾಗಿ ತಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಸಂಸತ್ತಿನ ಒಪ್ಪಿಗೆಯ ನಿಯಮ ಬೇಕೇ ಬೇಕು, ಏಕೆಂದರೆ ಆ ನಿಯಮವಿದ್ದದ್ದರಿಂದಲೇ ಮೊಜಾಂಬಿಕ್ ಪೌರರಿಗೆ ಹಿಡಿಯಲು ಒಂದು ಜುಟ್ಟು ಸಿಕ್ಕಿತು. ಆದರೆ ಬಹುಮತವೇ ಬಾಯಿ ಮುಚ್ಚಿಕೊಂಡಾಗ ಪೌರರು ನೇರವಾಗಿ ಹೋಗಬಹುದಾದ ದಾರಿಯೂ ಅದೇ ಸಂವಿಧಾನದಲ್ಲಿರಬೇಕು. ನರ್ಮದೆಯಲ್ಲೂ ಕೆಲಸ ಮಾಡಿದ್ದು ಈ ಜೋಡಿಯೇ: ಕಾಗದ ಕೇಳುವ ಅಧಿಕಾರವುಳ್ಳ ಶಾಸಕರು ಮತ್ತು ನೆಲದಲ್ಲಿ ನಡೆದದ್ದನ್ನು ಕಂಡ ಜನ.

ಪ್ರಶ್ನೆ: ನಮ್ಮ ಮೆಟ್ರೊ, ಕುಡಿಯುವ ನೀರು, ಎಲ್ಲದಕ್ಕೂ ವಿದೇಶಿ ಸಾಲ ಬರುತ್ತಿದೆ. ಇವುಗಳಿಗೆ ನಮ್ಮ ಸಂಸತ್ತು ಅಥವಾ ವಿಧಾನಸಭೆ ಒಪ್ಪಿಗೆ ಕೊಟ್ಟಿದೆಯೇ? (ಓದುಗರು, ಜಯನಗರ, ಬೆಂಗಳೂರು)

ಉತ್ತರ: ಒಂದೊಂದು ಸಾಲಕ್ಕೂ ಪ್ರತ್ಯೇಕವಾಗಿ ಒಪ್ಪಿಗೆ ಪಡೆಯುವ ಪದ್ಧತಿ ನಮ್ಮಲ್ಲಿಲ್ಲ. ಸಂವಿಧಾನದ 292ನೇ ವಿಧಿ ಕೇಂದ್ರಕ್ಕೆ ಸಾಲ ಎತ್ತುವ ಅಧಿಕಾರ ಕೊಡುತ್ತದೆ, ಸಂಸತ್ತು ಬಯಸಿದರೆ ಕಾನೂನಿನ ಮೂಲಕ ಅದಕ್ಕೆ ಮಿತಿ ಹಾಕಬಹುದು. 293ನೇ ವಿಧಿಯ ಪ್ರಕಾರ ರಾಜ್ಯಗಳು ಸಾಲ ಎತ್ತಬಹುದಾದದ್ದು ದೇಶದೊಳಗೆ ಮಾತ್ರ. ಆದ್ದರಿಂದ ವಿದೇಶಿ ಸಂಸ್ಥೆಯ ಸಾಲ ಮೊದಲು ಕೇಂದ್ರಕ್ಕೆ ಬಂದು ಅಲ್ಲಿಂದ ರಾಜ್ಯಕ್ಕೆ ಹರಿಯುತ್ತದೆ. 12ನೇ ಹಣಕಾಸು ಆಯೋಗದ ಶಿಫಾರಸಿನ ನಂತರ, 2005ರಿಂದ, ಕರ್ನಾಟಕದಂಥ ರಾಜ್ಯಗಳಿಗೆ ಹೊಸ ಸಾಲಗಳು ಮೂಲ ಷರತ್ತುಗಳ ಸಮೇತ ಹಾಗೆಯೇ ವರ್ಗವಾಗುತ್ತವೆ. ಇದರ ಅರ್ಥವನ್ನು ಎಲ್ಲರೂ ತಿಳಿಯಬೇಕು: ಯೆನ್, ಯೂರೊ ಅಥವಾ ಡಾಲರ್ ಎದುರು ರೂಪಾಯಿ ಕುಸಿದರೆ ಹೆಚ್ಚುವರಿ ಹೊರೆ ರಾಜ್ಯದ ಬೊಕ್ಕಸದ್ದು. ಹೊರೆ ಹೊರುವ ಸದನದ ಮುಂದೆ ಒಪ್ಪಂದದ ಪ್ರತಿಯನ್ನು ಇಡಲೇಬೇಕೆಂಬ ಕಟ್ಟುಪಾಡು ಇಲ್ಲದಿರುವುದು ದೊಡ್ಡ ಕೊರತೆ ಎಂದೇ ನನ್ನ ನಿಲುವು.

ಇನ್ನೊಂದು ಸಂಗತಿ ಹೆಚ್ಚು ಜನರ ಗಮನಕ್ಕೆ ಬಂದಂತಿಲ್ಲ. ಸರ್ಕಾರಿ ಖರೀದಿ, ಟೆಂಡರುಗಳನ್ನು ನಿಯಂತ್ರಿಸುವ ನಮ್ಮ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ತನ್ನ 4ನೇ ಪ್ರಕರಣದಲ್ಲಿ ಅಂತರರಾಷ್ಟ್ರೀಯ ಹಣಕಾಸು ಸಂಸ್ಥೆಗಳ ಹಣದ ಯೋಜನೆಗಳಿಗೆ ವಿನಾಯಿತಿ ಕೊಟ್ಟಿದೆ. ಅಲ್ಲಿ ಸಾಲ ಕೊಟ್ಟವರ ನಿಯಮಗಳೇ ನಡೆಯುತ್ತವೆ. ಆ ನಿಯಮಗಳು ಸಡಿಲವೆಂದು ನಾನು ಹೇಳುತ್ತಿಲ್ಲ, ಎಷ್ಟೋ ಕಡೆ ನಮ್ಮವಕ್ಕಿಂತ ಬಿಗಿಯಾಗಿಯೇ ಇವೆ. ಆದರೆ ನಮ್ಮ ಶಾಸಕರು ಮಾಡಿದ ಕಾನೂನಿನ ಜಾಗಕ್ಕೆ ಅವರು ಓದಿರದ ಒಂದು ಕೈಪಿಡಿ ಬಂದು ಕೂರುವುದಾದರೆ ಅದನ್ನು ಕನ್ನಡಕ್ಕೆ ತಂದು ಸದನದ ಗ್ರಂಥಾಲಯದಲ್ಲಾದರೂ ಇಡಬೇಡವೇ?

ಈಗಿರುವ ಅಧಿಕಾರದಲ್ಲೇ ಶಾಸಕರು ಮಾಡಬಹುದಾದದ್ದು ಕಡಿಮೆಯಿಲ್ಲ. ಚುಕ್ಕೆ ಗುರುತಿನ ಪ್ರಶ್ನೆ ಕೇಳಿ ಸಾಲದ ಮೊತ್ತ, ಬಡ್ಡಿ, ಬಳಸದೆ ಉಳಿದ ಹಣಕ್ಕೆ ತೆರುತ್ತಿರುವ ಬದ್ಧತಾ ಶುಲ್ಕ, ಕಾಮಗಾರಿ ತಡವಾದ ಕಾರಣ ಇವನ್ನೆಲ್ಲ ದಾಖಲೆಗೆ ತರಬಹುದು. ಸಚಿವರು ಸದನದಲ್ಲಿ ಕೊಟ್ಟ ಮಾತನ್ನು ಭರವಸೆಗಳ ಸಮಿತಿ ಬೆನ್ನಟ್ಟಬಹುದು. ಮಹಾಲೇಖಪಾಲರ ವರದಿಯನ್ನು ಸಾರ್ವಜನಿಕ ಲೆಕ್ಕಪತ್ರ ಸಮಿತಿ ಪರಿಶೀಲಿಸುವಾಗ ವಿದೇಶಿ ನೆರವಿನ ಯೋಜನೆಗಳನ್ನು ಬಿಡಿಯಾಗಿ ಎತ್ತಿಕೊಂಡು ಸ್ಥಳಕ್ಕೇ ಹೋಗಿ ನೋಡಬಹುದು. ಸಾಲ ಕೊಟ್ಟವರ ತಂಡ ಆಗಾಗ ಬಂದು ಪರಿಶೀಲನೆ ನಡೆಸುತ್ತದೆ. ನಮ್ಮ ಸಮಿತಿಯೂ ಅಷ್ಟೇ ನಿಯಮಿತವಾಗಿ ಹೋದರೆ ತಪ್ಪೇನು?

ನಗರದ ಜನ ಸುಮ್ಮನೆ ಕೂತಿಲ್ಲವೆಂಬುದನ್ನೂ ಹೇಳಬೇಕು. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಮೆಟ್ರೊ ಮಾರ್ಗಕ್ಕೆ ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ 50 ಕೋಟಿ ಯೂರೊ ಸಾಲ ಒಪ್ಪಿಕೊಂಡಿದೆ. ಹೊಸೂರು ರಸ್ತೆಯ ಆಲ್ ಸೇಂಟ್ಸ್ ಚರ್ಚಿನ ಹಳೆಯ ಮರಗಳಿರುವ ಆವರಣದ ಜಾಗಕ್ಕೆ ಈ ಮಾರ್ಗದಿಂದ ಕುತ್ತು ಬಂದಾಗ ಅಲ್ಲಿನವರು ಆ ಬ್ಯಾಂಕಿನ ದೂರು ವಿಭಾಗಕ್ಕೇ ಬರೆದರು, ಬ್ಯಾಂಕು ಆ ದೂರನ್ನು ಪರಿಶೀಲನೆಗೆ ಎತ್ತಿಕೊಂಡಿತು. ಬೆಂಗಳೂರಿನ ಒಂದು ಆವರಣದ ಮಾತು ಲಕ್ಸೆಂಬರ್ಗಿನಲ್ಲಿರುವ ಆ ಬ್ಯಾಂಕಿನ ಕಚೇರಿಗೆ ಮುಟ್ಟಬಲ್ಲದು.

ಪ್ರಶ್ನೆ: ಸಾಲವಾದರೆ ಲೆಕ್ಕ ಕೇಳೋಣ. ಆದರೆ ಪುಕ್ಕಟೆ ಅನುದಾನವಾದರೆ? ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸುವುದು ಸರಿಯೇ? (ಕೃಷಿಕರು, ಸಾಗರ)

ಉತ್ತರ: ಎಣಿಸಲೇಬೇಕು. ಆ ಎಮ್ಮೆ ಕೊಟ್ಟವರ ಸ್ವಂತದ್ದಲ್ಲ, ಅವರ ದೇಶದ ತೆರಿಗೆದಾರರದ್ದು. ಬ್ರಿಟನ್ ಮಲೇಷ್ಯಾದ ಪೆರ್ಗಾವ್ ಅಣೆಕಟ್ಟಿಗೆ 23.4 ಕೋಟಿ ಪೌಂಡ್ ನೆರವು ಕೊಟ್ಟಿತು. ಅದರ ಬೆನ್ನಿಗೆ ಶಸ್ತ್ರಾಸ್ತ್ರ ಮಾರಾಟದ ಮಾತುಕತೆ ಹೆಣೆದುಕೊಂಡಿತ್ತು. ನೆರವಿನ ಇಲಾಖೆಯ ಹಿರಿಯ ಅಧಿಕಾರಿ ಟಿಮ್ ಲ್ಯಾಂಕೆಸ್ಟರ್ ಇದು ಆರ್ಥಿಕವಾಗಿ ಸಲ್ಲದ ಯೋಜನೆ ಎಂದು ಆಕ್ಷೇಪಿಸಿ, ಹಣ ಬಿಡುಗಡೆ ಮಾಡಲೇಬೇಕಾದರೆ ಸಚಿವರು ಲಿಖಿತ ಆದೇಶ ಕೊಡಲಿ ಎಂದರು. ಆ ಒಂದು ಕಾಗದವೇ ಮುಂದೆ ಎಲ್ಲಕ್ಕೂ ಆಧಾರವಾಯಿತು. 1993ರಲ್ಲಿ ಅಲ್ಲಿನ ಲೆಕ್ಕಪರಿಶೋಧನಾ ಕಚೇರಿ ವರದಿ ಕೊಟ್ಟಿತು, ಸಂಸತ್ತಿನ ಸಮಿತಿಗಳು ಅದನ್ನು ಕೆದಕಿದವು, ಬಡತನ ನಿವಾರಣೆಗೆ ದುಡಿಯುವ ವರ್ಲ್ಡ್ ಡೆವಲಪ್‌ಮೆಂಟ್ ಮೂವ್‌ಮೆಂಟ್ ಎಂಬ ಸಂಘಟನೆ ನ್ಯಾಯಾಲಯಕ್ಕೆ ಹೋಯಿತು. 1994ರ ನವೆಂಬರಿನಲ್ಲಿ ಹೈಕೋರ್ಟು ಈ ನೆರವು ಕಾನೂನುಬಾಹಿರ ಎಂದಿತು. ಆ ಸಂಘಟನೆಗೆ ಅಣೆಕಟ್ಟಿನಿಂದ ಸ್ವಂತ ನಷ್ಟ ಒಂದು ಕಾಸಿನದೂ ಆಗಿರಲಿಲ್ಲ. ಆದರೂ ದಾವೆ ಹೂಡುವ ಹಕ್ಕು ಅದಕ್ಕಿದೆ ಎಂದು ನ್ಯಾಯಾಲಯ ಒಪ್ಪಿತು. ನೆರವಿನ ಉದ್ದೇಶ ಬಡತನ ಕಡಿಮೆ ಮಾಡುವುದೇ ಆಗಿರಬೇಕೆಂದು 2002ರ ಕಾಯಿದೆಯಲ್ಲಿ ಬ್ರಿಟಿಷ್ ಸಂಸತ್ತು ಬರೆದಿಟ್ಟಿತು.

ಪ್ರಶ್ನೆ: ನಮ್ಮ ಓಣಿಯಲ್ಲಿ ಅಂತರರಾಷ್ಟ್ರೀಯ ಬ್ಯಾಂಕೊಂದರ ನೆರವಿನಿಂದ ಪೈಪ್‌ಲೈನ್ ಕೆಲಸ ಎಂದು ಬೋರ್ಡು ಹಾಕಿದ್ದಾರೆ. ರಸ್ತೆ ಅಗೆದು ಮಳೆಗಾಲ ಕಳೆಯಿತು, ಮುಚ್ಚಿಲ್ಲ. ಗುತ್ತಿಗೆದಾರರನ್ನು ಕೇಳಿದರೆ ಬ್ಯಾಂಕನ್ನು ತೋರಿಸುತ್ತಾರೆ, ಕಚೇರಿಯಲ್ಲಿ ಕೇಳಿದರೆ ಗುತ್ತಿಗೆದಾರರನ್ನು. ನಾವು ಯಾರನ್ನು ಹಿಡಿಯಬೇಕು? (ಗೃಹಿಣಿ, ಧಾರವಾಡ)

ಉತ್ತರ: ಮೊದಲು ಆ ಬೋರ್ಡಿನ ಫೋಟೊ ತೆಗೆದುಕೊಳ್ಳಿ ತಾಯಿ. ಯೋಜನೆಯ ಹೆಸರು, ಬ್ಯಾಂಕಿನ ಹೆಸರು, ಕಾಮಗಾರಿಯ ಮೊತ್ತ, ಮುಗಿಸಬೇಕಾದ ದಿನಾಂಕ ಅದರಲ್ಲಿರಬೇಕು. ಇಲ್ಲದಿದ್ದರೆ ಅದೇ ನಿಮ್ಮ ಮೊದಲ ದೂರು. ಬಳಿಕ ಯೋಜನೆ ನಡೆಸುವ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳೊಳಗಿರಬೇಕು, ಆದ್ದರಿಂದ ಎಲ್ಲವನ್ನೂ ಒಂದರಲ್ಲೇ ತುರುಕಬೇಡಿ. ಒಂದರಲ್ಲಿ ಗುತ್ತಿಗೆ ಕರಾರಿನ ಪ್ರತಿ ಕೇಳಿ, ಇನ್ನೊಂದರಲ್ಲಿ ರಸ್ತೆ ಮೊದಲಿನ ಸ್ಥಿತಿಗೆ ತರುವ ಷರತ್ತು ಮತ್ತು ತಡವಾದರೆ ವಿಧಿಸಬೇಕಾದ ದಂಡದ ವಿವರ ಕೇಳಿ. ಉತ್ತರಕ್ಕೆ 30 ದಿನ ಗಡುವಿದೆ.

ಬ್ಯಾಂಕಿನ ಕಡೆಯ ದಾರಿಯೂ ಇದೆ. ವಿಶ್ವಬ್ಯಾಂಕಾದರೆ ಯೋಜನಾ ದಾಖಲೆ, ಸಾಲದ ಒಪ್ಪಂದ, ಪ್ರಗತಿ ವರದಿಗಳನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಯೋಜನೆಯಿಂದ ಹಾನಿಗೊಳಗಾದ ಇಬ್ಬರು ಸೇರಿ ಸಹಿ ಹಾಕಿದರೂ ತಪಾಸಣಾ ಮಂಡಳಿಗೆ ದೂರು ಕೊಡಬಹುದು. ದೂರು ಕನ್ನಡದಲ್ಲೇ ಇರಬಹುದು, ಹೆಸರು ಗುಟ್ಟಾಗಿಡಿ ಎಂದೂ ಕೋರಬಹುದು. ಅದಕ್ಕೂ ಮೊದಲು ಬ್ಯಾಂಕಿನ ಅಧಿಕಾರಿಗಳ ಗಮನಕ್ಕೆ ತಂದಿರಬೇಕು ಎಂಬುದು ನಿಯಮ. ಏಷ್ಯನ್ ಅಭಿವೃದ್ಧಿ ಬ್ಯಾಂಕು ಮತ್ತು ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾದಲ್ಲೂ ಇಂಥ ವ್ಯವಸ್ಥೆಗಳಿವೆ. ಆದರೆ ತಪಾಸಣಾ ಮಂಡಳಿ ತಾನಾಗಿ ಪರಿಹಾರ ಕೊಡಿಸುವುದಿಲ್ಲ, ಕಾಮಗಾರಿ ನಿಲ್ಲಿಸುವುದೂ ಇಲ್ಲ. ತನಿಖೆ ಮಾಡಿ ನಿರ್ದೇಶಕ ಮಂಡಳಿಗೆ ವರದಿ ಕೊಡುತ್ತದೆ. ಅಗೆದ ರಸ್ತೆಗೆ ಮೊದಲ ಮೆಟ್ಟಿಲು ನಿಮ್ಮ ಪಾಲಿಕೆ ಸದಸ್ಯರು ಮತ್ತು ಶಾಸಕರೇ. ಮಾಹಿತಿ ಹಕ್ಕಿನಲ್ಲಿ ಸಿಕ್ಕ ಕರಾರಿನ ಪ್ರತಿಯನ್ನು ಅವರ ಕೈಗಿಟ್ಟು ಕೇಳಿ. ಬರಿಗೈಯಲ್ಲಿ ಹೋದವರಿಗೆ ಸಮಾಧಾನದ ಮಾತು ಸಿಗುತ್ತದೆ, ಷರತ್ತಿನ ಸಂಖ್ಯೆ ಹಿಡಿದು ಹೋದವರಿಗೆ ಉತ್ತರ ಕೊಡಲೇಬೇಕಾಗುತ್ತದೆ.

ನನ್ನ ನೌಕರಿಯ ದಿನಗಳ ಒಂದು ನೆನಪನ್ನು ಹೇಳದೆ ಇರಲಾರೆ. ವಿದೇಶಿ ನೆರವಿನ ಒಂದು ಗ್ರಾಮೀಣ ನೀರಿನ ಯೋಜನೆಯ ಲೆಕ್ಕ ನೋಡಲು ಹೋಗಿದ್ದೆ. ವೋಚರು, ಅಳತೆ ಪುಸ್ತಕ, ಕಾಮಗಾರಿ ಮುಗಿದ ಪ್ರಮಾಣಪತ್ರ ಎಲ್ಲವೂ ಅಚ್ಚುಕಟ್ಟಾಗಿದ್ದವು. ಮಧ್ಯಾಹ್ನ ಊಟಕ್ಕೆಂದು ಎದ್ದು ಊರೊಳಗೆ ನಡೆದರೆ, ನಲ್ಲಿಯ ಕಂಬಕ್ಕೆ ಎಮ್ಮೆಯ ಕರು ಕಟ್ಟಿದ್ದರು, ಕಟ್ಟೆಯ ಮೇಲೆ ಬೆರಣಿ ಒಣಗುತ್ತಿತ್ತು. ನೀರು ನಿಂತು ಎಷ್ಟು ದಿನವಾಯಿತಮ್ಮ ಎಂದು ಅಲ್ಲಿದ್ದ ಹೆಂಗಸನ್ನು ಕೇಳಿದೆ. 'ಬಂದದ್ದು ಯಾವಾಗ ಹೇಳ್ರಿ' ಎಂದು ಆಕೆ ನನ್ನನ್ನೇ ಕೇಳಿದಳು. ಹಣ ಕೊಟ್ಟವರು ಕೇಳಿದ್ದ ನಮೂನೆಗಳಲ್ಲಿ ಆಕೆಯ ಉತ್ತರ ಬರೆಯಲು ಒಂದು ಕಲಮೂ ಇರಲಿಲ್ಲ. ನಾನು ಅದನ್ನು ವರದಿಯ ಕೊನೆಗೆ ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿದೆ.

ಕೊನೆಯದಾಗಿ, ಐದರ ಲೆಕ್ಕಕ್ಕೆ ಹೊರತಾಗಿ, ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ದಾರ್ ಎಸ್ ಸಲಾಮಿನಲ್ಲಿರುವ ಕನ್ನಡಿಗ ಎಂಜಿನಿಯರರೊಬ್ಬರಿಂದ ಬಂದ ಪ್ರಶ್ನೆ: ವಿಕ್ಟೋರಿಯಾ ಸರೋವರದ ನೀರನ್ನು ತಬೋರಾ ಪಟ್ಟಣಕ್ಕೆ ತರುವ ಯೋಜನೆ ಭಾರತದ ಸಾಲದಿಂದ ನಡೆದಿದೆ, ತಾಂಜಾನಿಯಾದ ಜನ ಭಾರತವನ್ನು ಲೆಕ್ಕ ಕೇಳಬಹುದೇ?

ಉತ್ತರ: ಕೇಳಲು ಅವರಿಗೆ ನಾವು ಸರಿಯಾದ ಬಾಗಿಲನ್ನೇ ಇಟ್ಟಿಲ್ಲ. ತಬೋರಾ, ಇಗುಂಗಾ, ನ್ಜೆಗಾ ಪಟ್ಟಣಗಳ ಆ ಯೋಜನೆಗೆ ನಮ್ಮ ಸರ್ಕಾರಿ ರಫ್ತು-ಆಮದು ಬ್ಯಾಂಕಾದ ಎಕ್ಸಿಮ್ ಬ್ಯಾಂಕಿನ ಮೂಲಕ 26.8 ಕೋಟಿ ಡಾಲರಿನಷ್ಟು ಸಾಲ ಹೋಗಿದೆ. ಅಭಿವೃದ್ಧಿ ಸಹಕಾರಕ್ಕೆಂದೇ ಪ್ರತ್ಯೇಕ ಕಾಯಿದೆ ನಮ್ಮಲ್ಲಿಲ್ಲ. ಇಂಥ ಸಾಲಗಳಲ್ಲಿ ಸಾಮಾನ್ಯವಾಗಿ ಶೇಕಡಾ 75ರಷ್ಟು ಪಾಲು ಸರಕು ಮತ್ತು ಸೇವೆ ಭಾರತದಿಂದಲೇ ಹೋಗಬೇಕೆಂಬ ಷರತ್ತು ಇರುತ್ತದೆ. ಹಾಗಾಗಿ ಪ್ರಶ್ನಿಸುವ ಹೊಣೆ ನಮ್ಮ ಸಂಸತ್ತಿನ ವಿದೇಶಾಂಗ ವ್ಯವಹಾರಗಳ ಸ್ಥಾಯಿ ಸಮಿತಿಯ ಮೇಲೂ ಇದೆ, ನಮ್ಮ ಮೇಲೂ ಇದೆ. ಮಾಹಿತಿ ಹಕ್ಕು ಕಾಯಿದೆಯ 3ನೇ ಪ್ರಕರಣ ಆ ಹಕ್ಕನ್ನು ಭಾರತೀಯ ಪೌರರಿಗೆ ಮಾತ್ರ ಕೊಟ್ಟಿದೆ. ತಬೋರಾದ ಜನ ಕೇಳಲಾಗದ್ದನ್ನು, ಭಾರತೀಯ ಪೌರರಾದ ನೀವು ಅಲ್ಲಿಂದಲೇ ಆನ್‌ಲೈನ್ ಅರ್ಜಿ ಹಾಕಿ ವಿದೇಶಾಂಗ ಸಚಿವಾಲಯವನ್ನು ಕೇಳಬಹುದು. ಉತ್ತರ ಬಂದರೆ ಅದರ ಒಂದು ಪ್ರತಿಯನ್ನು ಅಲ್ಲಿನ ನಿಮ್ಮ ಸಹೋದ್ಯೋಗಿಗಳಿಗೂ, ಇನ್ನೊಂದನ್ನು ಈ ಅಂಕಣಕ್ಕೂ ಕಳುಹಿಸಿಕೊಡಿ.